ಶಿರಸಿ ಹತ್ತಿರದ ಹಳ್ಳಿ ಮನೆಗೆ ಕಡಿಮೆ ಖರ್ಚಿನ ಇಂಟರ್ನೆಟ್ ಯಾವುದು ಹಾಕಿಸುವುದು?

ತೋಟದಮನೆ | ಶಿರಸಿ, ಹುಲೇಕಲ್ ಕಡೆ

ಎಲ್ಲರಿಗೂ ನಮಸ್ಕಾರ. ಮನೆಗೆ ಇಂಟರ್ನೆಟ್ ಹಾಕಿಸಬೇಕು, ಯಾವುದು ಅಂತ ತೀರ್ಮಾನ ಆಗುತ್ತಿಲ್ಲ. ನಮ್ಮ ಜಿಲ್ಲೆಯವರೇ ಹೇಳಿದರೆ ಒಳ್ಳೆಯದು. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಬರೆದಿದ್ದು ಓದಿ ಇಲ್ಲಿಗೆ ಏನೂ ಉಪಯೋಗ ಆಗಲಿಲ್ಲ.

ನಮ್ಮದು ಹುಲೇಕಲ್ ರಸ್ತೆಯಿಂದ ಒಳಗೆ ಇಳಿದು ಹೋಗುವ ಮನೆ. ಮುಂದೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಅಂಗಳದಲ್ಲಿ ಮೊಬೈಲ್ ಸಿಗ್ನಲ್ ಒಂದು ಕಡ್ಡಿ ಬರುತ್ತದೆ, ಒಳಗೆ ಬಂದರೆ ಅದೂ ಇಲ್ಲ. ಇಷ್ಟು ದಿನ ಹೇಗೋ ನಡೆಯಿತು. ಈಗ ಮಗಳು ಪಿಯುಸಿ ಎರಡನೇ ವರ್ಷ, ಸಿಇಟಿಗೆ ಆನ್‌ಲೈನ್ ಕ್ಲಾಸ್ ಸೇರಿದ್ದಾಳೆ, ಸಂಜೆ ಲೈವ್ ಪಾಠ ಇರುತ್ತದೆ. ಮಳೆಗಾಲದಲ್ಲಿ ಕತ್ತಲಾದ ಮೇಲೆ ಅವಳು ಮೇಲಿನ ಮನೆಗೆ ಹೋಗಿ ಕೂತು ಬರುವುದು ನನಗೆ ಸರಿ ಕಾಣುತ್ತಿಲ್ಲ. ಬೆಂಗಳೂರಿನಲ್ಲಿರುವ ಮೈದುನನೂ ನೆಟ್ ಇದ್ದರೆ ಕೆಲವು ತಿಂಗಳು ಇಲ್ಲಿಂದಲೇ ಕೆಲಸ ಮಾಡುತ್ತೇನೆ ಅನ್ನುತ್ತಾನೆ. ಅತ್ತೆಗೂ ಅದೇ ಆಸೆ.

ಸದ್ಯ ನಮಗೆ ಸಿಗುವುದು ಮೂರು. ಬಿಎಸ್‌ಎನ್‌ಎಲ್ ಫೈಬರ್, ತಿಂಗಳಿಗೆ 449ರ ಪ್ಲಾನ್, ನಮ್ಮ ಊರಿನ ಹತ್ತಿರದ ಹುಡುಗನೇ ಅವರ ಪರವಾಗಿ ಲೈನ್ ಹಾಕಿಕೊಡುತ್ತಾನೆ. ಎರಡನೆಯದು ಟಿವಿ ಕೇಬಲ್‌ನವರದ್ದು, ತಿಂಗಳಿಗೆ 400 ಬೀಳುತ್ತದೆ, ಆದರೆ ವರ್ಷದ ಹಣ ಮೊದಲೇ ಕಟ್ಟಬೇಕು. ಮೂರನೆಯದು ಪೇಟೆಯ ಅಂಗಡಿಯವರು ಹೇಳಿದ, ಟವರಿನ ಸಿಗ್ನಲ್ಲಿನಿಂದ ನಡೆಯುವ ಜಿಯೋ ಏರ್‌ಫೈಬರ್, 599. ನಮ್ಮ ಕೈಯಲ್ಲಿ ಆಗುವುದು ಎಲ್ಲ ಸೇರಿ ತಿಂಗಳಿಗೆ 600. ಅದಕ್ಕಿಂತ ಜಾಸ್ತಿ ಕಷ್ಟ.

ಯಾವುದು ತೆಗೆದುಕೊಳ್ಳಲಿ? ಎಷ್ಟು ವೇಗ ಇದ್ದರೆ ಸಾಕು? ಮಳೆಗಾಲದಲ್ಲಿ ಯಾವುದು ಕೈಕೊಡದೆ ನಡೆಯುತ್ತದೆ? ಇದು ಮುಖ್ಯ.


ಕೋಡಿಬಾಗ | ಕಾರವಾರ

ನಮಸ್ಕಾರ ಮೇಡಂ. ಮೊದಲು ದುಡ್ಡಿನ ಲೆಕ್ಕ ಮಾಡಿಬಿಡಿ. ಪ್ಲಾನ್ ಬೆಲೆ ಅಂತ ಹೇಳುವುದರಲ್ಲಿ ಶೇ 18 ಜಿಎಸ್‌ಟಿ ಸೇರಿರುವುದಿಲ್ಲ. 449 ಅಂದರೆ ಕೈಯಿಂದ ಹೋಗುವುದು ಸುಮಾರು 530. 599 ಅಂದರೆ 707. ವರ್ಷಕ್ಕೆ ಒಂದು 6,360ರ ಹತ್ತಿರ, ಇನ್ನೊಂದು 8,480ರ ಹತ್ತಿರ. ಎರಡು ಸಾವಿರಕ್ಕಿಂತ ಜಾಸ್ತಿ ವ್ಯತ್ಯಾಸ. ನಿಮ್ಮ 600ರ ಮಿತಿಯಲ್ಲಿ ಏರ್‌ಫೈಬರ್ ಇಲ್ಲಿಗೇ ಹೊರಗೆ ಹೋಯಿತು. ಕೇಬಲ್‌ನವರ 400 ತೆರಿಗೆ ಸೇರಿಸಿಯೋ ಬಿಟ್ಟೋ ಅಂತ ಕೇಳಿ, ಬಿಲ್ ಕೊಡುತ್ತಾರಾ ಅಂತಲೂ ಕೇಳಿ. ಜಿಯೋಫೈಬರ್ 399, ಏರ್‌ಟೆಲ್ 499 ಅಂತ ಜಾಹೀರಾತು ನೋಡಿರಬಹುದು. ಅದು ಅವರ ನೆಲದ ಕೇಬಲ್ ಹೋದ ಕಡೆ ಮಾತ್ರ. ಶಿರಸಿ ಪೇಟೆಯಲ್ಲಿ ಸಿಕ್ಕರೂ ನಿಮ್ಮ ಕೇರಿಗೆ ಬರುತ್ತದೆ ಅಂತ ಅಲ್ಲ.

ವೇಗದ ವಿಷಯ. 30 ಎಂಬಿಪಿಎಸ್ ನಿಮ್ಮ ಮನೆಗೆ ಧಾರಾಳ ಸಾಕು. ಲೈವ್ ಕ್ಲಾಸಿಗೆ 2ರಿಂದ 4 ಎಂಬಿಪಿಎಸ್ ಬೇಕು. ಮೈದುನನ ಆಫೀಸ್ ಮೀಟಿಂಗಿಗೂ ಅಷ್ಟೇ. ಅತ್ತೆ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡರೂ 5 ಹೋಗಬಹುದು. ಮೂರೂ ಒಟ್ಟಿಗೆ ನಡೆದರೂ ಅರ್ಧ ಉಳಿಯುತ್ತದೆ. 100, 200 ಅಂತ ಮಾರುತ್ತಾರೆ, ಅದರ ಹಿಂದೆ ಹೋಗಬೇಡಿ. ಒಂದು ಮಾತು ನೆನಪಿಟ್ಟುಕೊಳ್ಳಿ, ಪ್ಲಾನಿನಲ್ಲಿ ಬರೆಯುವ 30 ಅಂದರೆ ಬಿಟ್ ಲೆಕ್ಕ. ಫೈಲ್ ಡೌನ್‌ಲೋಡ್ ಆಗುವಾಗ ಫೋನ್ ತೋರಿಸುವುದು ಬೈಟ್ ಲೆಕ್ಕ, ಅಂದರೆ ಎಂಟರಲ್ಲಿ ಒಂದು ಭಾಗ. 3.75 ಅಂತ ಕಂಡರೆ ಮೋಸ ಅಂತ ತಿಳಿಯಬೇಡಿ, ಅದು ಪೂರ್ತಿ 30.

ಡೇಟಾ ಮಿತಿಯನ್ನೂ ಕೇಳಬೇಕು. ಅನ್‌ಲಿಮಿಟೆಡ್ ಅಂತ ಬರೆದಿದ್ದರೂ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಂಕಿ ಇರುತ್ತದೆ. ಫೈಬರ್ ಪ್ಲಾನುಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 3,300 ಜಿಬಿ, ಅದನ್ನು ಮುಗಿಸುವುದೇ ಕಷ್ಟ. ಏರ್‌ಫೈಬರ್‌ನ 599ಕ್ಕೆ 1,000 ಜಿಬಿ, ದಿನಕ್ಕೆ 33 ಆಯಿತು, ಅದೂ ನಾಲ್ಕು ಜನರ ಮನೆಗೆ ಸಾಕು. ಕೇಬಲ್‌ನವರು ಎಷ್ಟು ಇಟ್ಟಿದ್ದಾರೆ, ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಸುತ್ತಾರೆ ಅಂತ ಬಾಯಿಮಾತಲ್ಲಿ ಅಲ್ಲ, ವಾಟ್ಸ್ಯಾಪಿನಲ್ಲಿ ಬರೆಸಿಕೊಳ್ಳಿ. ಬ್ರಾಡ್‌ಬ್ಯಾಂಡ್ ಅಂತ ಕರೆಯಲು ಕನಿಷ್ಠ 2 ಎಂಬಿಪಿಎಸ್ ಇರಬೇಕು ಅಂತ 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿದೆ. ಅದಕ್ಕೆ ಮೊದಲು 512 ಕೆಬಿಪಿಎಸ್ ಇದ್ದರೂ ಸಾಕಿತ್ತು.

ವರ್ಷದ ಹಣ ಮುಂಗಡ ಮಾತ್ರ ಕೊಡಬೇಡಿ. ನಮ್ಮ ಓಣಿಯಲ್ಲಿ ಹೀಗೆ ಕಟ್ಟಿಸಿಕೊಂಡವರೊಬ್ಬರು ಮಳೆಗಾಲ ಮುಗಿಯುವ ಮೊದಲೇ ಫೋನ್ ಎತ್ತುವುದು ಬಿಟ್ಟರು. ಹಣ ವಾಪಸ್ ಬಂದ ಮನೆ ಒಂದೂ ಇಲ್ಲ. ಯಾರ ಲೈನ್ ಆದರೂ ಮೊದಲು ತಿಂಗಳು ತಿಂಗಳು ಕಟ್ಟಿ. ಒಂದು ಪೂರ್ತಿ ಜೂನ್‌, ಜುಲೈ ದಾಟಲಿ. ಆಮೇಲೆ ಆರು ತಿಂಗಳದ್ದು ಕಟ್ಟಿ ರಿಯಾಯಿತಿ ತೆಗೆದುಕೊಳ್ಳಬಹುದು.


ಫೈಬರ್ ಕೆಲಸದವ | ಕುಮಟಾ

ನಾನು ಈ ಲೈನಿನ ಕೆಲಸವನ್ನೇ ಮಾಡುವವನು, ಯಾವ ಕಂಪನಿ ಅಂತ ಹೇಳುವುದಿಲ್ಲ. ಕಾರವಾರದವರು ಹೇಳಿದ ಲೆಕ್ಕ ಸರಿ ಇದೆ. ಆದರೆ ಅಕ್ಕಾ, ನಮ್ಮ ಜಿಲ್ಲೆಯಲ್ಲಿ ಪ್ಲಾನ್ ನೋಡಿ ಆರಿಸುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಲೈನ್ ಕಟ್ಟಾದರೆ ಜಾಯಿಂಟ್ ಹಾಕಲು ಯಾರು ಬರುತ್ತಾರೆ, ಎಲ್ಲಿಂದ ಬರುತ್ತಾರೆ? ಅವರ ಹತ್ತಿರ ತುಂಡಾದ ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮಷಿನ್ ಸ್ವಂತದ್ದು ಇದೆಯಾ? ಅದು ಇಲ್ಲದಿದ್ದರೆ ಬೇರೆಯವರ ಮಷಿನ್ ಖಾಲಿಯಾಗುವ ತನಕ ನೀವು ಕಾಯಬೇಕು. ಮರ ಬಿದ್ದ ಮಾರನೇ ದಿನ ಎಲ್ಲರಿಗೂ ಆ ಮಷಿನ್ ಬೇಕಾಗಿರುತ್ತದೆ. ತಿಂಗಳಿಗೆ 50 ರೂಪಾಯಿ ಉಳಿಸಿ ಹತ್ತು ದಿನ ನೆಟ್ ಇಲ್ಲದೆ ಕೂತರೆ ಅದು ಅಗ್ಗ ಅಲ್ಲ.

ಎರಡನೇ ಪ್ರಶ್ನೆ ಕೇಬಲ್‌ನವರಿಗೆ. ಮನೆ ತನಕ ಬರುವುದು ಬೆಳಕು ಸಾಗುವ ಗಾಜಿನ ಎಳೆಯ ಫೈಬರ್ರೋ, ತಾಮ್ರದ ಲ್ಯಾನ್ ವೈರೋ? ಇದು ಬಹಳ ಮುಖ್ಯ. ಕೆಲವು ಕಡೆ ರಸ್ತೆ ತನಕ ಫೈಬರ್ ತಂದು, ಕಂಬದ ಮೇಲೆ ಅಥವಾ ಯಾರದೋ ಮನೆಯ ಜಗಲಿಯಲ್ಲಿ ಸ್ವಿಚ್ ಅನ್ನುವ ನೆಟ್ ಹಂಚುವ ಡಬ್ಬಿ ಇಟ್ಟು ಅಲ್ಲಿಂದ ಲ್ಯಾನ್ ವೈರ್ ಎಳೆಯುತ್ತಾರೆ. ಆ ಸ್ವಿಚ್ಚಿಗೆ ಕರೆಂಟ್ ಬೇಕು. ಹೆಸ್ಕಾಂ ಲೈನ್ ಹೋದ ಕೂಡಲೇ ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ನೆಟ್ ಹೋಗುತ್ತದೆ. ಸಿಡಿಲು ಬಂದರೆ ತಾಮ್ರದ ವೈರಿನ ಮೂಲಕ ನೇರ ನಿಮ್ಮ ರೂಟರಿಗೆ ಬರುತ್ತದೆ. ಲ್ಯಾನ್ ವೈರ್ 100 ಮೀಟರಿಗಿಂತ ಉದ್ದ ಎಳೆದರೆ ಕೆಲಸವೂ ಮಾಡುವುದಿಲ್ಲ. ಪೂರ್ತಿ ಫೈಬರ್ ಆದರೆ ಎಕ್ಸ್‌ಚೇಂಜಿನಿಂದ ನಿಮ್ಮ ಮನೆ ತನಕ ನಡುವೆ ಇರುವುದು ಬರೀ ಬೆಳಕನ್ನು ಹಲವು ಮನೆಗೆ ಹಂಚುವ ಸ್ಪ್ಲಿಟರ್, ಅದು ಗಾಜಿನದ್ದು, ಅದಕ್ಕೆ ಕರೆಂಟೇ ಬೇಡ. ಎಕ್ಸ್‌ಚೇಂಜಿನಲ್ಲಿ ಬ್ಯಾಟರಿ ಇದ್ದು ನಿಮ್ಮ ಮನೆಯಲ್ಲಿ ಸಣ್ಣ ಯುಪಿಎಸ್ ಇದ್ದರೆ ಊರೆಲ್ಲ ಕತ್ತಲಾದರೂ ಕ್ಲಾಸ್ ನಡೆಯುತ್ತದೆ.

ಮೂರನೆಯದು, ಕನೆಕ್ಷನ್ ಹಾಕಿದ ದಿನ ಹುಡುಗನಿಗೆ ಪವರ್ ಮೀಟರ್ ಇಟ್ಟು ತೋರಿಸು ಅಂತ ಹೇಳಿ. ಬೆಳಕಿನ ಅಳತೆ ಡಿಬಿಎಂ ಅಂತ ಬರುತ್ತದೆ, ಅಂಕಿ ಮೈನಸ್ಸಿನಲ್ಲಿ ಇರುತ್ತದೆ. ಮೈನಸ್ 18ರಿಂದ 23ರ ಒಳಗೆ ಇದ್ದರೆ ಆರಾಮ. ಮೈನಸ್ 27ರ ಹತ್ತಿರ ಹೋದರೆ ಲೈನ್ ಅಂಚಿನಲ್ಲಿದೆ ಅಂತ ಅರ್ಥ. ಬೇಸಿಗೆಯಲ್ಲಿ ನಡೆಯುತ್ತದೆ, ಮಳೆಗಾಲದಲ್ಲಿ ಜಾಯಿಂಟ್ ಪೆಟ್ಟಿಗೆಗೆ ನೀರು ಹೋಗಿ ಇನ್ನೊಂದು ಸ್ವಲ್ಪ ಇಳಿದ ದಿನ ಎಲ್‌ಒಎಸ್ ಅನ್ನುವ ಕೆಂಪು ದೀಪ ಹತ್ತುತ್ತದೆ, ಬೆಳಕು ಬರುತ್ತಿಲ್ಲ ಅಂತ ಅರ್ಥ. ಆ ಅಂಕಿಯ ಫೋಟೋ ತೆಗೆದು ಇಟ್ಟುಕೊಳ್ಳಿ. ಮುಂದೆ ಏನೇ ತಕರಾರು ಬಂದರೂ ಹೋಲಿಸಲು ಆಗುತ್ತದೆ.

ನಿಮ್ಮ ಮನೆಗೂ ಹತ್ತಿರದ ಫೈಬರ್ ಪೆಟ್ಟಿಗೆಗೂ ಎಷ್ಟು ದೂರ ಅಂತ ಹೇಳಿ, ಮುಂದಿನದು ಆಮೇಲೆ ಬರೆಯುತ್ತೇನೆ.


ಕಡಲಬದಿ | ಧಾರೇಶ್ವರ

ಏರ್‌ಫೈಬರನ್ನು ಅಷ್ಟು ಬೇಗ ಬಿಡಬೇಡಿ. ನಮ್ಮ ಮನೆಯಲ್ಲಿ ಅದೇ ಇದೆ. ತಾರಸಿಯಲ್ಲಿ ಒಂದು ಡಬ್ಬಿ, ಟವರ್ ಕಡೆ ಮುಖ ಮಾಡಿ ನಿಲ್ಲಿಸಿದ್ದಾರೆ, ಅಲ್ಲಿಂದ ಒಂದು ವೈರ್ ಒಳಗಿನ ರೂಟರಿಗೆ. ಒಂದೇ ದಿನದಲ್ಲಿ ಕೆಲಸ ಮುಗಿಯಿತು. ಹೆದ್ದಾರಿ ಕೆಲಸ ನಡೆಯುವಾಗ ಜೆಸಿಬಿ ತಾಗಿ ನಮ್ಮ ಕಡೆ ನೆಲದ ಕೇಬಲ್ ಎಷ್ಟೋ ಸಲ ಕಟ್ಟಾಗಿದೆ. ನಮಗೆ ಆ ತಲೆಬಿಸಿ ಇಲ್ಲ. ವರ್ಷದ ಪ್ಲಾನ್ ತೆಗೆದುಕೊಂಡರೆ 1,000 ರೂಪಾಯಿ ಇನ್‌ಸ್ಟಾಲೇಶನ್ ಬಿಡುತ್ತಾರೆ.

ಆದರೆ ಇದು ನಡೆಯುವುದು 5ಜಿ ಸಿಗ್ನಲ್ಲಿನ ಮೇಲೆ. ನಮ್ಮದು ಕಡಲ ಬದಿಯ ಬಯಲು, ಟವರ್ ಕಣ್ಣಿಗೆ ಕಾಣುತ್ತದೆ. ನೀವು 5ಜಿ ಇರುವ ಫೋನ್ ಹಿಡಿದು ಮಾಡಿನ ಎತ್ತರಕ್ಕೆ ಏಣಿ ಹಾಕಿ ಹತ್ತಿಸಿ ನೋಡಿ. ಅಲ್ಲಿ 5ಜಿ ಅಂತ ಬಂದರೆ ಯೋಚಿಸಿ, ಬರದಿದ್ದರೆ ಬಿಟ್ಟುಬಿಡಿ. ಮಳೆಯಿಂದ ಅಷ್ಟೇನೂ ತೊಂದರೆ ಇಲ್ಲ. ಒದ್ದೆ ಎಲೆಗಳ ಮರ ಅಡ್ಡ ಬಂದರೆ ಮಾತ್ರ ಸಿಗ್ನಲ್ ಬಹಳ ಕುಗ್ಗುತ್ತದೆ. ಅಂಗಡಿಯವರು ಬರುತ್ತದೆ ಅಂತ ಹೇಳಿದ್ದನ್ನು ನಂಬಿ ಹಣ ಕಟ್ಟಬೇಡಿ, ಮನೆಗೆ ಬಂದು ನೋಡಿ ಹೇಳಲಿ.


ತೋಟದಮನೆ | ಶಿರಸಿ, ಹುಲೇಕಲ್ ಕಡೆ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ವಿಚಾರಿಸಿ ಬಂದೆ.

ಮೈದುನನ ಫೋನ್ 5ಜಿ. ಅಟ್ಟದ ಮೇಲೆ, ಕೊಟ್ಟಿಗೆ ಮಾಡಿನ ಹತ್ತಿರ, ಅಂಗಳದ ತುದಿಯಲ್ಲಿ ಎಲ್ಲ ಕಡೆ ನೋಡಿದೆವು. 5ಜಿ ಎಲ್ಲೂ ಇಲ್ಲ, 4ಜಿ ಕೂಡ ಬಂದು ಹೋಗುತ್ತದೆ. ನಡುವೆ ಗುಡ್ಡ ಅಡ್ಡ ಇದೆ. ಹಾಗಾಗಿ ಏರ್‌ಫೈಬರ್ ಆಗುವುದಿಲ್ಲ.

ಕೇಬಲ್‌ನವರಿಗೆ ಫೋನ್ ಮಾಡಿ ಕೇಳಿದೆ. ಮೇಲಿನ ರಸ್ತೆಯ ಒಬ್ಬರ ಮನೆಯಲ್ಲಿ ಸ್ವಿಚ್ ಇಡುತ್ತೇವೆ, ಅಲ್ಲಿಂದ ವೈರ್ ಅಂದರು. ತಿಂಗಳು ತಿಂಗಳು ಕಟ್ಟುತ್ತೇವೆ ಅಂದದ್ದಕ್ಕೆ ಒಪ್ಪಲಿಲ್ಲ.

ಬಿಎಸ್‌ಎನ್‌ಎಲ್ ಹುಡುಗ ಬಂದು ನೋಡಿಕೊಂಡು ಹೋದ. ಅವನದ್ದೇ ಮಷಿನ್ ಇದೆ, ಮನೆ ನಮ್ಮಿಂದ ಬೈಕಿನಲ್ಲಿ ಹತ್ತು ನಿಮಿಷ. ಪೆಟ್ಟಿಗೆ ಮುಖ್ಯ ರಸ್ತೆಯಲ್ಲಿದೆ, ನಮ್ಮ ಮನೆಗೆ ಸುಮಾರು 600 ಮೀಟರ್. ಕೇಬಲ್ ಖರ್ಚು ನಮ್ಮದೇ, ರೂಟರ್ ಬೇರೆ, ಎಲ್ಲ ಸೇರಿ ಎಂಟು ಸಾವಿರದ ಮೇಲೆ ಹೇಳುತ್ತಾನೆ. ಇದು ಕೇಳಿ ಇವರು ಹಿಂಜರಿಯುತ್ತಿದ್ದಾರೆ. ಕಡಿಮೆ ಮಾಡುವ ದಾರಿ ಇದೆಯಾ? ಕೇಬಲ್ ಹೆಚ್ಚಿನ ಭಾಗ ತೋಟದ ಮೇಲೆಯೇ ಬರಬೇಕು. ಅಡಿಕೆ ಮರಕ್ಕೆ ಕಟ್ಟಿಕೊಂಡು ಬರುತ್ತೇನೆ ಅಂದ. ಅದು ಸರಿಯಾ?

ಇನ್ನೊಂದು. ನಮ್ಮದು ಹಳೇ ಹೆಂಚಿನ ಮನೆ, ದಪ್ಪ ಮಣ್ಣಿನ ಗೋಡೆ. ಜಗಲಿಯಲ್ಲಿ ರೂಟರ್ ಇಟ್ಟರೆ ಮಗಳ ಕೋಣೆಗೆ ಬರುತ್ತದಾ? ಅವಳು ಓದುವುದು ಹಿಂದಿನ ಕೋಣೆಯಲ್ಲಿ.


ಫೈಬರ್ ಕೆಲಸದವ | ಕುಮಟಾ

ಹತ್ತು ನಿಮಿಷದಲ್ಲಿ ಬರುವವನು, ಕೈಯಲ್ಲಿ ಸ್ವಂತ ಮಷಿನ್. ಅಕ್ಕಾ, ನಿಮಗೆ ಬೇಕಾದದ್ದು ಇದೇ. ಅವನನ್ನೇ ಹಿಡಿದುಕೊಳ್ಳಿ.

ಅಡಿಕೆ ಮರಕ್ಕೆ ಕಟ್ಟುವುದು ಮಾತ್ರ ಬೇಡ. ಗಾಳಿಗೆ ಅಡಿಕೆ ಮರ ಓಲಾಡುವಷ್ಟು ಬೇರೆ ಮರ ಓಲಾಡುವುದಿಲ್ಲ. ಒಂದು ಮರ ಆ ಕಡೆ, ಇನ್ನೊಂದು ಈ ಕಡೆ ವಾಲಿದರೆ ಕೇಬಲ್ ಎಳೆದುಕೊಂಡು ಒಳಗಿನ ಗಾಜಿನ ಎಳೆ ತುಂಡಾಗುತ್ತದೆ, ಹೊರಗಿನಿಂದ ನೋಡಿದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಕೊಳೆಗೆ ಔಷಧಿ ಹೊಡೆಯುವಾಗ ಪೈಪು ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆ, ಅಂದರೆ ಅಡಿಕೆ ಗೊನೆ, ಇಳಿಸುವಾಗ ಹಗ್ಗ ತಾಗುತ್ತದೆ. ಒಣಗಿದ ಹೆಡೆ, ಅಂದರೆ ಮರದ ಗರಿ, ಬೀಳುತ್ತಲೇ ಇರುತ್ತದೆ. ಕೊನೆ ಕೊಯ್ಯುವವರಿಗೂ ಅಪಾಯ, ಮೇಲೆ ಇರುವಾಗ ಕಾಲಿಗೆ ವೈರ್ ಸಿಕ್ಕಿದರೆ ಏನು ಗತಿ?

ತೋಟದ ನಡುವೆ ಬರುವ ಬದಲು ಅಂಚಿನಲ್ಲಿ ತನ್ನಿ. ಬೇಲಿ ಗುಂಟ ಗಟ್ಟಿ ಮರ ಅಥವಾ ಕಲ್ಲಿನ ಕಂಬ ಇದ್ದರೆ ಅದಕ್ಕೆ. ಇಲ್ಲವಾದರೆ ನೀರಾವರಿಗೆ ಹಾಕುವ ಕಪ್ಪು ಎಚ್‌ಡಿಪಿಇ ಪೈಪಿನ ಒಳಗೆ ಹಾಕಿ ನೆಲದಲ್ಲಿ ಹುಗಿಯಿರಿ, ಒಂದೂವರೆ ಅಡಿ ಆಳ ಇರಲಿ. ಬರೀ ಕೇಬಲ್ ಹುಗಿದರೆ ಇಲಿ ಬಿಡುವುದಿಲ್ಲ. ಹೆಸ್ಕಾಂ ಕಂಬದಲ್ಲಿ ಕರೆಂಟ್ ತಂತಿಯ ಹತ್ತಿರ ಯಾವ ಕಾರಣಕ್ಕೂ ಕಟ್ಟಿಸಬೇಡಿ. ಪೆಟ್ಟಿಗೆಯಿಂದ ಮನೆಗೆ ಎಳೆಯುವ ಡ್ರಾಪ್ ಕೇಬಲ್ ಉಕ್ಕಿನ ತಂತಿ ಇರುವಂಥದ್ದಾದರೆ ಕರೆಂಟ್ ಲೈನ್ ದಾಟುವ ಕಡೆ ಅದು ಬೇಡ. ತಂತಿ ಬದಲು ಎಫ್‌ಆರ್‌ಪಿ ಅನ್ನುವ ಗಾಜಿನ ನಾರಿನ ಪ್ಲಾಸ್ಟಿಕ್ ಕಡ್ಡಿ ಇರುವ ಕೇಬಲ್ ಬರುತ್ತದೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ತಿರುವು ಇರುವಲ್ಲಿ ಅಗಲವಾಗಿ ಸುತ್ತಿ ತರಲಿ. ಹನಿ ನೀರಾವರಿ ಪೈಪ್ ಮಡಚಿದರೆ ನೀರು ನಿಲ್ಲುವ ಹಾಗೆ, ಫೈಬರ್ ಚೂಪಾಗಿ ಮಡಚಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ.

ದೂರದ ಬಗ್ಗೆ ಹೆದರಬೇಡಿ. 600 ಮೀಟರಿಗೆ ಬೆಳಕು ಕಡಿಮೆಯಾಗುವುದು ಲೆಕ್ಕಕ್ಕೇ ಇಲ್ಲ, ಒಂದು ಕಿಲೋಮೀಟರಿಗೆ ಅರ್ಧ ಡಿಬಿಗಿಂತ ಕಡಿಮೆ. ಹಾಳಾಗುವುದು ಜಾಯಿಂಟಿನಲ್ಲಿ. ಅದಕ್ಕೇ ತುಂಡು ತುಂಡು ಸೇರಿಸದೆ ಒಂದೇ ಉದ್ದದ ಕೇಬಲ್ ತರಿಸಿ.

ಖರ್ಚು ಕಡಿಮೆ ಮಾಡುವ ದಾರಿ ಇದೆ. ನಿಮ್ಮ ಕೇರಿಯಲ್ಲಿ ಇನ್ನೂ ಯಾರಿಗಾದರೂ ಬೇಕಾ ಕೇಳಿ. ಒಂಟಿ ಎಳೆಯ ಡ್ರಾಪ್ ಕೇಬಲ್ ಬದಲು ನಾಲ್ಕು ಎಳೆಯ ಕೇಬಲ್ ಎಳೆಸಿ, ನಾವು 4ಎಫ್ ಅನ್ನುತ್ತೇವೆ. ಬೆಲೆ ಸ್ವಲ್ಪ ಜಾಸ್ತಿ, ನಾಲ್ಕು ಪಟ್ಟು ಏನೂ ಅಲ್ಲ. ಮೂರು ಮನೆ ಸೇರಿದರೆ ಖರ್ಚು ಮೂರು ಪಾಲು. ಒಂದು ಎಳೆ ಉಳಿದಿರುತ್ತದೆ, ಮುಂದೆ ಒಂದು ಕೆಟ್ಟರೆ ಅದಕ್ಕೆ ಬದಲಾಯಿಸಿದರೆ ಆಯಿತು. ಕೂಲಿಯೂ ಒಂದೇ ಸಲ. ಮೂರು ಮನೆ ಇರುವ ಲೈನ್ ಕಟ್ಟಾದರೆ ಹುಡುಗನೂ ಬೇಗ ಬರುತ್ತಾನೆ, ಇದು ನಾನು ಈ ಕೆಲಸದಲ್ಲಿ ಇದ್ದೇ ಹೇಳುತ್ತಿದ್ದೇನೆ.

ವೈಫೈ ಬಗ್ಗೆ. ಮಣ್ಣಿನ ಗೋಡೆ, ಚಿರೆಕಲ್ಲಿನ ಗೋಡೆ ಎರಡೂ ಸಿಗ್ನಲ್ ತಿನ್ನುತ್ತವೆ. ರೂಟರಿನಲ್ಲಿ 2.4 ಮತ್ತು 5 ಅಂತ ಎರಡು ವೈಫೈ ಹೆಸರು ಕಾಣುತ್ತದೆ, ಈ 5 ಮೊಬೈಲಿನ 5ಜಿ ಅಲ್ಲ. 5 ವೇಗ, ಆದರೆ ಗೋಡೆ ದಾಟುವುದಿಲ್ಲ. 2.4 ನಿಧಾನ, ದೂರ ಹೋಗುತ್ತದೆ. ಜಗಲಿಯಲ್ಲಿ ಇಡಬೇಡಿ. ಫೈಬರನ್ನು ನಡುಮನೆ ತನಕ ತರಿಸಿ ಎತ್ತರದಲ್ಲಿ ಇಡಿ. ಹಿಂದಿನ ಕೋಣೆಗೆ ಒಂದು ಲ್ಯಾನ್ ವೈರ್ ಎಳೆದರೆ ಇನ್ನೂ ಒಳ್ಳೆಯದು. ಮಗಳು ಲ್ಯಾಪ್‌ಟಾಪಿನಲ್ಲಿ ಕ್ಲಾಸ್ ನೋಡುವುದಾದರೆ ವೈರ್ ಚುಚ್ಚಿಯೇ ನೋಡಲಿ, ನಡುವೆ ನಿಲ್ಲುವುದಿಲ್ಲ. ಮನೆ ಒಳಗಿನ ವೈರ್ ತಾನೇ, ಖರ್ಚು ಕಡಿಮೆ.


ಕಾಳಿಹೊಳೆ | ಯಲ್ಲಾಪುರ

ಹಳ್ಳಿಯಲ್ಲಿ ಕೂತು ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ, 2020ರಲ್ಲಿ ಊರಿಗೆ ಬಂದವನು. ಆಗ ಗುಡ್ಡ ಹತ್ತಿ ಸಿಗ್ನಲ್ ಹುಡುಕಿ ಕೂತಿದ್ದೆವು, ಮಕ್ಕಳೂ ಹಾಗೇ ಕ್ಲಾಸ್ ಕೇಳಿದರು. ಈಗ ಫೈಬರ್ ಇದೆ. ಮೇಲಿನವರು ಹೇಳದ ಎರಡು ವಿಷಯ ಸೇರಿಸುತ್ತೇನೆ.

ಒಂದು, ವೈಫೈ ಕಾಲಿಂಗ್. ನಿಮ್ಮ ಮನೆ ಒಳಗೆ ಸಿಗ್ನಲ್ ಇಲ್ಲ ಅಂದಿರಿ. ಫೈಬರ್ ಬಂದ ಮೇಲೆ ಫೋನಿನ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಅಂತ ಇರುತ್ತದೆ, ಅದನ್ನು ಆನ್ ಮಾಡಿ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಕೊಟ್ಟಿವೆ. ನಿಮ್ಮ ಮಾಮೂಲಿ ನಂಬರಿಗೇ ಕರೆ ಬರುತ್ತದೆ, ಹೊರಗಿನವರು ವಾಟ್ಸ್ಯಾಪ್ ಮಾಡಬೇಕಿಲ್ಲ. ಬ್ಯಾಂಕಿನ ಒಟಿಪಿ ನಮಗೆ ಒಳಗೇ ಬರುತ್ತದೆ. ಮನೆಯಲ್ಲಿ ವಯಸ್ಸಾದವರು ಇರುವಾಗ ರಾತ್ರಿ ಡಾಕ್ಟರಿಗೆ ಫೋನ್ ಮಾಡಲು ಅಂಗಳಕ್ಕೆ ಓಡಬೇಕಾಗಿಲ್ಲ. ನನ್ನ ಮಟ್ಟಿಗೆ ಇಂಟರ್ನೆಟ್ಟಿಗಿಂತ ಇದೇ ದೊಡ್ಡ ಉಪಕಾರ. ಮನೆಯಲ್ಲಿ ಹಳೇ ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ನಂಬರ್ ಇನ್ನೂ ಜೀವಂತ ಇದ್ದರೆ ಅದೇ ನಂಬರನ್ನು ಫೈಬರಿಗೆ ಬದಲಾಯಿಸಿ ಕೊಡಲು ಕೇಳಿ. ನೆಂಟರಿಗೆಲ್ಲ ಗೊತ್ತಿರುವ ನಂಬರ್ ಉಳಿಯುತ್ತದೆ.

ಎರಡು, ಕರೆಂಟ್. ರೂಟರ್ ಬಹಳ ಕಡಿಮೆ ಕರೆಂಟ್ ತಿನ್ನುತ್ತದೆ, 12 ವೋಲ್ಟಿನದ್ದು. ಅದಕ್ಕೆಂದೇ ಸಣ್ಣ ಡಿಸಿ ಯುಪಿಎಸ್ ಬರುತ್ತದೆ, ಅಂಗೈ ಅಗಲದ ಡಬ್ಬಿ. ಕರೆಂಟ್ ಹೋದರೆ ಕೆಲವು ತಾಸು ರೂಟರನ್ನು ನಡೆಸುತ್ತದೆ. ತೆಗೆದುಕೊಳ್ಳುವ ಮೊದಲು ನಿಮ್ಮ ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪ್ ಎರಡನ್ನೂ ನೋಡಿ. ಯುಪಿಎಸ್ ಅಷ್ಟು ಆಂಪ್ ಕೊಡದಿದ್ದರೆ ರೂಟರ್ ಆಫ್ ಆಗಿ ಆನ್ ಆಗುತ್ತಲೇ ಇರುತ್ತದೆ. ಗುಡುಗು ಸಿಡಿಲು ಶುರುವಾದರೆ ಅಡಾಪ್ಟರ್ ಪ್ಲಗ್ ಕಿತ್ತು ಯುಪಿಎಸ್ ಬ್ಯಾಟರಿ ಮೇಲೆ ಓಡಿಸಿ. ಫೈಬರಿನ ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ಬರುವುದು ಕರೆಂಟ್ ಲೈನಿನಿಂದ.


ಓಂ ಬೀಚ್ ದಾರಿ | ಗೋಕರ್ಣ

ನಮ್ಮದು ಹೋಮ್‌ಸ್ಟೇ, ಗಿರಾಕಿಗಳು ಬಂದ ಕೂಡಲೇ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಕರಾವಳಿಯವರು ಓದುತ್ತಿದ್ದರೆ ಒಂದೇ ಮಾತು. ಉಪ್ಪು ಗಾಳಿಗೆ ಹೊರಗಿನ ಕ್ಲಾಂಪ್, ಪೆಟ್ಟಿಗೆ, ಲ್ಯಾನ್ ಪಿನ್ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ. ಜಾಯಿಂಟ್ ಪೆಟ್ಟಿಗೆಯನ್ನು ಮಾಡಿನ ಕೆಳಗೆ ಇಡಿಸಿ. ಕೇಬಲ್ ಗೋಡೆ ಒಳಗೆ ಹೋಗುವ ಮೊದಲು ಕೆಳಗೆ ಜೋತು ಬಿದ್ದು ಮೇಲೆ ಹೋಗಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ತೂತಿಗೆ ಸಿಲಿಕೋನ್ ತುಂಬಿಸಿ.


ನಿವೃತ್ತ ಮಾಸ್ತರು | ಸಿದ್ದಾಪುರ

ತಂಗಿ, ದೂರು ಕೊಡುವ ಕ್ರಮವನ್ನೂ ತಿಳಿದುಕೊಂಡಿರು. ಹುಡುಗನ ಫೋನಿಗೆ ಹೇಳಿದರೆ ಅದು ದೂರು ಅಲ್ಲ, ಅದಕ್ಕೆ ದಾಖಲೆ ಇಲ್ಲ. ಅವನಿಗೂ ಹೇಳು, ಜೊತೆಗೆ ಕಂಪನಿಯ ನಂಬರಿಗೂ ಹೇಳಿ ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ತೆಗೆದುಕೊಂಡು ಬರೆದಿಡು. ಸರಿ ಆಗದಿದ್ದರೆ ಅದೇ ಕಂಪನಿಯಲ್ಲಿ ಮೇಲ್ಮನವಿ ಪ್ರಾಧಿಕಾರ ಅಂತ ಇರುತ್ತದೆ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಎಲ್ಲ ಕಂಪನಿಗಳೂ ಇಟ್ಟಿರಬೇಕು. ಡಾಕೆಟ್ ನಂಬರ್ ಇಲ್ಲದಿದ್ದರೆ ಅಲ್ಲಿಗೆ ಹೋಗಲು ಆಗುವುದಿಲ್ಲ. ಗ್ರಾಹಕರ ರಾಷ್ಟ್ರೀಯ ಸಹಾಯವಾಣಿ 1915 ಇದೆ. ಲೈನ್ ಹಲವು ದಿನ ಸತ್ತಿದ್ದರೆ ಆ ದಿನಗಳ ಬಾಡಿಗೆ ಬಿಲ್ಲಿನಲ್ಲಿ ಕಳೆಯಿರಿ ಅಂತ ಬರವಣಿಗೆಯಲ್ಲೇ ಕೇಳು. ಕೇಳದೆ ಸುಮ್ನೆ ಕೂತರೆ ಯಾರೂ ಕಳೆಯುವುದಿಲ್ಲ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲೂ ಒಮ್ಮೆ ವಿಚಾರಿಸು. ಕೇಂದ್ರ ಸರ್ಕಾರ 2011ರಲ್ಲಿ ಶುರು ಮಾಡಿದ ಯೋಜನೆಯಲ್ಲಿ, ಈಗ ಭಾರತ್‌ನೆಟ್ ಅನ್ನುತ್ತಾರೆ, ಪಂಚಾಯಿತಿ ಕಚೇರಿಗಳಿಗೆ ಫೈಬರ್ ಎಳೆದಿದ್ದಾರೆ. ಆ ಕೇಬಲ್ ನಿಮ್ಮ ಮನೆಗೆ ಹತ್ತಿರದಲ್ಲಿ ಹಾದು ಹೋಗಿದ್ದರೆ ಅಲ್ಲಿಂದಲೇ ಕನೆಕ್ಷನ್ ಕೊಡಲು ಸಾಧ್ಯವಾ ಅಂತ ಆ ಹುಡುಗನನ್ನೇ ಕೇಳು. 600 ಮೀಟರ್ 300 ಆದರೂ ಆಯಿತಲ್ವಾ.


ತೋಟದಮನೆ | ಶಿರಸಿ, ಹುಲೇಕಲ್ ಕಡೆ

ಮಾಸ್ತರರೇ, ಪಂಚಾಯಿತಿಯ ಕೇಬಲ್ ನಮ್ಮ ಕಡೆ ಬಂದಿಲ್ಲವಂತೆ, ಮುಖ್ಯ ರಸ್ತೆಯಲ್ಲೇ ನೇರ ಹೋಗಿದೆ.

ಆದರೆ ಕೇರಿಯಲ್ಲಿ ಮಾತಾಡಿದೆ. ಮೇಲಿನ ಮನೆಯವರದ್ದು ಈಗಿರುವುದು ಮೊಬೈಲ್ ಹಾಟ್‌ಸ್ಪಾಟ್, ಅವರಿಗೂ ಫೈಬರ್ ಬೇಕು ಅಂದರು. ಕೆಳಗಿನ ಮನೆಯವರು ತೋಟಕ್ಕೆ ಸಿಸಿಟಿವಿ ಹಾಕಿಸಬೇಕು ಅಂತ ಇದ್ದಾರೆ, ಅವರೂ ಸೇರುತ್ತಾರೆ. ಮೂರು ಮನೆ ಆಯಿತು. ನಾಲ್ಕು ಎಳೆಯ ಕೇಬಲ್ ಅಂತ ಹೇಳಿದ್ದಕ್ಕೆ ಹುಡುಗ ಕೂಡಲೇ ಒಪ್ಪಿದ, ಅವನಿಗೂ ಅದೇ ಸುಲಭವಂತೆ. ಬೇಲಿ ಗುಂಟ ತರುತ್ತಾನೆ, ತೋಡು ದಾಟುವಲ್ಲಿ ಮಾತ್ರ ಪೈಪ್ ಹಾಕುತ್ತೇವೆ. ನಮ್ಮ ಪಾಲಿಗೆ ರೂಟರ್ ಸೇರಿ ನಾಲ್ಕು ಸಾವಿರದ ಆಸುಪಾಸು ಬರಬಹುದು. ಇವರೂ ಒಪ್ಪಿದ್ದಾರೆ.

ಒಂದೇ ಪ್ರಶ್ನೆ ಉಳಿದಿದೆ. ಕೇಬಲಿಗೆ ದುಡ್ಡು ನಾವು ಮೂರು ಮನೆಯವರು ಕೊಡುತ್ತೇವೆ. ಮುಂದೆ ಇನ್ನೊಬ್ಬರಿಗೆ ಕನೆಕ್ಷನ್ ಕೊಡಲು ಅದನ್ನೇ ಉಪಯೋಗಿಸುತ್ತೇನೆ ಅಂದರೆ? ರೂಟರ್ ನಮ್ಮದೇ ಆಗುತ್ತದಾ, ಬಾಡಿಗೆಗೆ ಕೊಟ್ಟಿದ್ದಾ?


ಫೈಬರ್ ಕೆಲಸದವ | ಕುಮಟಾ

ಒಳ್ಳೆಯದಾಯಿತು ಅಕ್ಕಾ. ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕೇಬಲ್ ಎಷ್ಟು ಮೀಟರ್, ಮೀಟರಿಗೆ ಎಷ್ಟು, ಕೂಲಿ ಎಷ್ಟು, ರೂಟರ್ ಯಾವ ಮಾಡೆಲ್, ಬೆಲೆಗೆ ಕೊಟ್ಟಿದ್ದೋ ಠೇವಣಿಗೆ ಕೊಟ್ಟಿದ್ದೋ. ಠೇವಣಿ ಆದರೆ ಕನೆಕ್ಷನ್ ಬಿಡುವಾಗ ಎಷ್ಟು ವಾಪಸ್ ಅಂತಲೂ ಬರೆಸಿ. ನಾಲ್ಕನೇ ಎಳೆ ಬೇರೆಯವರಿಗೆ ಕೊಟ್ಟರೆ ಅವರು ನಾಲ್ಕನೇ ಪಾಲು ಕೇಬಲ್ ಖರ್ಚನ್ನು ನಿಮ್ಮ ಮೂವರಿಗೆ ಕೊಡಬೇಕು, ಇದನ್ನೂ ಈಗಲೇ ಹೇಳಿಬಿಡಿ. ಆದರೆ ನನ್ನನ್ನು ಕೇಳಿದರೆ ಆ ಎಳೆ ಕೊಡಬೇಡಿ, ನಿಮಗೇ ಇರಲಿ.

ಸಿಸಿಟಿವಿ ಹಾಕಿಸುವವರಿಗೆ ಹೇಳಿ, ಪ್ಲಾನಿನ ಅಪ್‌ಲೋಡ್ ವೇಗ ಎಷ್ಟು ಅಂತ ಕೇಳಲಿ. ಕ್ಯಾಮೆರಾ ಕಳಿಸುವುದು ಅದರ ಮೇಲೆ. ಮೊಬೈಲ್ ಆ್ಯಪಿನಲ್ಲಿ ನೋಡುವ ಕ್ಯಾಮೆರಾ ಆದರೆ ಸ್ಟಾಟಿಕ್ ಐಪಿಗೆ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸಕ್ಕೆ, ಬೇರೆ ದುಡ್ಡು ಕೊಡಬೇಕಾಗಿಲ್ಲ.

ಕೇಬಲ್ ಎಳೆಯುವ ದಿನ ಮನೆಯವರು ಯಾರಾದರೂ ಜೊತೆಗೆ ನಡೆಯಿರಿ. ರಸ್ತೆ ದಾಟುವ ಕಡೆ ಅಡಿಕೆ ತುಂಬಿದ ಲಾರಿ ಕೆಳಗಿನಿಂದ ಹೋಗುವಷ್ಟು ಎತ್ತರ ಇರಬೇಕು, 18 ಅಡಿಗೆ ಕಡಿಮೆ ಬೇಡ. ಮನೆ ಹತ್ತಿರ ಹತ್ತು ಮೀಟರ್ ಜಾಸ್ತಿ ಕೇಬಲ್ ಸುರುಳಿ ಸುತ್ತಿ ಮಾಡಿನ ಕೆಳಗೆ ಕಟ್ಟಿಡಲಿ. ಯಾವಾಗಲಾದರೂ ತುಂಡಾದರೆ ಎಳೆದು ಸೇರಿಸಲು ಅದೇ ಬೇಕಾಗುತ್ತದೆ. ಮೇ ಕೊನೆ ಒಳಗೆ ಕೆಲಸ ಮುಗಿಸಿ, ಮಳೆ ಹಿಡಿದ ಮೇಲೆ ಜಾಯಿಂಟ್ ಸರಿ ಕೂರುವುದಿಲ್ಲ.